ಆ ಹುಡುಗಿಯ ಮೂಗಿಗೆ ಗೆರೆ ಇಲ್ಲ

ಆಯಿಲ್ ಪೋರ್ಟ್ರೇಟ್ ಕಲಿಯಲು ಬಂದವರಿಗೆ ನಾನು ಮೊದಲು ನಕಲು ಮಾಡಲು ಕೊಡುವುದು ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’. ಭುಜದ ಮೇಲಿಂದ ತಿರುಗಿ ನಮ್ಮತ್ತ ನೋಡುವ ಹುಡುಗಿ. ಸುಮಾರು 1665ರ ಚಿತ್ರ. ಈಗ ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಕ್ಯಾನ್ವಾಸ್, ಬ್ರಷ್, ಎಣ್ಣೆಯ ವಿಷಯ ಇಲ್ಲಿ ಬೇಡ. ನನ್ನ ತಕರಾರು ಮೂಗಿನದು.

ಬಂದವರೆಲ್ಲ ಹುಬ್ಬಿನಿಂದ ಮೂಗಿನ ತುದಿಯವರೆಗೆ ಒಂದು ಗೆರೆ ಎಳೆದುಬಿಡುತ್ತಾರೆ. ಮೂಲದಲ್ಲಿ ಆ ಗೆರೆಯೇ ಇಲ್ಲ! ಮೂಗಿನ ದಿಂಡು ಮತ್ತು ಅದರಾಚೆಯ ಕೆನ್ನೆ ಒಂದೇ ಬೆಳಕಿನಲ್ಲಿವೆ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬಣ್ಣ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಈಚೆ ಬದಿಯ ನೆರಳು ನೋಡಿ ನಮ್ಮ ಕಣ್ಣೇ ಮೂಗನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಮೂಗಿಗೆ ಅಂಚು ಇದೆ ಅಂತ ನಮಗೆ ಮೊದಲೇ ಗೊತ್ತು, ಅಲ್ವಾ? ಹಾಗಾಗಿ ಕಣ್ಣು ನೋಡುವ ಮೊದಲೇ ಕೈ ಎಳೆದಿರುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಹತ್ತಾರು ವರ್ಷ ಮೈಸೂರು ಶೈಲಿಯ ಚಿತ್ರ ಬರೆದವರು. ಅಲ್ಲಿ ರೇಖೆಯೇ ಜೀವ. ಅವರ ರೇಖೆ ನೋಡಿದರೆ ನನಗೇ ಆಸೆಯಾಗುತ್ತದೆ. “ಗೆರೆ ಇಲ್ದೆ ಮೂಗು ಹೇಗೆ ನಿಲ್ಲುತ್ತೆ ಸಾರ್?” ಅಂತ ಮೂರು ವಾರ ವಾದ ಮಾಡಿದರು. ಕೊನೆಗೆ ಬಟ್ಟೆ ಕೊಟ್ಟು, ಗೆರೆ ಹಸಿ ಇರುವಾಗಲೇ ಒರೆಸಿ ಅಂದೆ. ಒರೆಸಿದರು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಸುಮ್ನೆ ನಿಂತರು. ಆಮೇಲೆ, “ಅಯ್ಯೋ, ಈಗ ತಿರುಗಿ ನೋಡಿದಳು ಸಾರ್” ಅಂದರು.

ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ. ಮೂಗು ಬರೆಯಬೇಡಿ, ಬೆಳಕು ಎಲ್ಲಿ ನಿಂತಿತು ಅಂತ ಬರೆಯಿರಿ. ಪ್ರಿಂಟನ್ನು ತಲೆಕೆಳಗು ಮಾಡಿ ಇಟ್ಟುಕೊಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿ. ಆಗ ಕಾಣುವ ಬೆಳಕು-ನೆರಳಿನ ನಾಲ್ಕೈದು ದೊಡ್ಡ ತುಂಡುಗಳನ್ನು ಮಾತ್ರ ಕಂದು ಬಣ್ಣದಲ್ಲಿ ತೆಳ್ಳಗೆ ಹಚ್ಚಿ. ಎರಡು ತುಂಡು ಒಂದಾಗಿ ಕಂಡರೆ ಒಂದಾಗಿಯೇ ಬಿಡಿ. ಫೋನಿನಲ್ಲಿ ಜೂಮ್ ಮಾಡಿ ರೆಪ್ಪೆ ಹುಡುಕುವುದು ಆಮೇಲೆ. ಎಲ್ಲರಿಗೂ ಇದೇ ದಾರಿ ಸರಿ ಅಂತ ಹೇಳಲಾರೆ. ಆದರೆ ಗೆರೆಯಿಂದ ಶುರು ಮಾಡಿದವರ ಮುಖ ಬೊಂಬೆಯಂತೆ ಆಗುವುದನ್ನು ಜಾಸ್ತಿ ಕಂಡಿದ್ದೇನೆ.

ಹಿನ್ನೆಲೆಗೂ ಇದೇ ಮಾತು. ಕಪ್ಪು ಕಂಡಿತು ಅಂತ ಟ್ಯೂಬಿನ ಕಪ್ಪನ್ನೇ ಬಳಿಯಬೇಡಿ. 2018ರಲ್ಲಿ ಮ್ಯೂಸಿಯಂನವರು ಚಿತ್ರವನ್ನು ಪರೀಕ್ಷೆ ಮಾಡಿದಾಗ ಅಲ್ಲಿ ಹಸಿರು ಪರದೆ ಇದ್ದದ್ದು ಗೊತ್ತಾಯಿತು. ಕಪ್ಪು ಪದರದ ಮೇಲೆ ನೀಲಿಯೂ ಗಿಡದ ಹಳದಿಯೂ ಸೇರಿದ ತೆಳು ಹಸಿರು. ಕಾಲ ಕಳೆದಂತೆ ಅದು ಮಾಸಿದೆ. ಇನ್ನೊಂದು, ಮೂಲದ ಅಳತೆ 44.5 × 39 ಸೆಂ.ಮೀ. ಯಾರೂ ಮೂಲ ಅಂತ ತಿಳಿಯದ ಹಾಗೆ ನಿಮ್ಮದು ಬೇರೆ ಅಳತೆಯಲ್ಲಿರಲಿ. ಚಿತ್ರದ ಹಿಂಬದಿಯಲ್ಲಿ ‘ನಕಲು’ ಅಂತ ಬರೆದಿಡಿ.

ಆ ಮುತ್ತು ನೋಡಿ. ಮೇಲೆ ದಪ್ಪನೆಯ ಒಂದು ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಂಕು ಪ್ರತಿಬಿಂಬ. ಉಳಿದದ್ದೆಲ್ಲ ಕತ್ತಿನ ನೆರಳು. ದುಂಡಗಿನ ಗೆರೆಯೂ ಇಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ನಮ್ಮ ಆ ಹಿರಿಯ ಹೆಂಗಸು ಮೂಗಿನ ಗೆರೆ ಒರೆಸಿದ ದಿನ ಮಧ್ಯಾಹ್ನವೇ ಅದಕ್ಕೆ ಸಣ್ಣ ಕೊಕ್ಕೆ ಬರೆದಿದ್ದರು. “ಬಿದ್ದು ಹೋಗುತ್ತೇನೋ ಅನ್ನಿಸ್ತು ಸಾರ್” ಅಂದರು. ಮತ್ತೆ ಬಟ್ಟೆ ಕೊಟ್ಟೆ.