ಕಾರು ಅಪ್ಪನದು, ಓಡಿಸೋದು ಮಗ: ಇನ್ಶೂರೆನ್ಸ್ ಯಾರಿಗೆ?

ಪ್ರಶ್ನೆ: ನಮ್ಮದು ಶಹಾಪುರ. ಮಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಾನೆ. ನನ್ನ ಹೆಸರಲ್ಲಿರುವ ಹಳೇ ಕಾರನ್ನು ಅವನಿಗೆ ಕೊಟ್ಟು ಕಳಿಸಬೇಕು ಅಂತಿದ್ದೀನಿ. ಇನ್ಶೂರೆನ್ಸೂ ನನ್ನ ಹೆಸರಲ್ಲೇ ಅದ. ಅವನು ಓಡಿಸಿದರ ನಡೀತದೇನ್ರಿ? ಬೇರೆ ಮಾಡಿಸಬೇಕೇನು?

ಉತ್ತರ: ನಡೆಯುತ್ತದೆ. ನಮ್ಮ ದೇಶದಲ್ಲಿ ಪಾಲಿಸಿ ಇರುವುದು ಗಾಡಿಯ ಮೇಲೆ. ನಿಮ್ಮ ಒಪ್ಪಿಗೆ ಇದ್ದು, ಓಡಿಸುವವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಸಾಕು. ಶಹಾಪುರದಲ್ಲಿ ಮಾಡಿಸಿದ ಪಾಲಿಸಿ ಕಲಬುರಗಿಯಲ್ಲೂ ನಡೆಯುತ್ತದೆ, ಹೈದರಾಬಾದಿನಲ್ಲೂ ನಡೆಯುತ್ತದೆ. ಮಗನ ಹೆಸರು ಅದರಲ್ಲಿ ಇಲ್ಲವಲ್ಲ ಅಂತ ಗಾಬರಿ ಬೇಡ.

ಅಮೆರಿಕದಲ್ಲಿ ಮಕ್ಕಳನ್ನು ಓದಲು ಕಳಿಸಿದವರು ಬೇರೆ ಥರ ಹೇಳಬಹುದು. ಅಲ್ಲಿ ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳನ್ನೂ ಪಾಲಿಸಿಗೆ ಸೇರಿಸುತ್ತಾರೆ, ವಯಸ್ಸು ಕಡಿಮೆ ಇದ್ದರೆ ಪ್ರೀಮಿಯಂ ಏರುತ್ತದೆ. ಕಾರನ್ನು ಮನೆಯಲ್ಲೇ ಬಿಟ್ಟು 100 ಮೈಲಿ ಆಚೆಯ ಕಾಲೇಜಿಗೆ ಹೋದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ. ಅದನ್ನು ಓದಿಕೊಂಡು ಇಲ್ಲಿಯ ಏಜೆಂಟರ ಹತ್ತಿರ ವಿದ್ಯಾರ್ಥಿ ರಿಯಾಯಿತಿ ಕೇಳಿದರೆ ಅವರು ನಕ್ಕು ಚಹಾ ಕುಡಿಸಿ ಕಳಿಸುತ್ತಾರೆ, ಅಷ್ಟೇ. ಕಾರು ನಿಂತೇ ಇರುತ್ತದೆ ಅನ್ನುವವರಿಗೆ ಇಲ್ಲಿ ಇನ್ನೊಂದು ದಾರಿ ಇದೆ: ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಯೋಜನೆ. 2022ರಲ್ಲಿ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಇದಕ್ಕೆ ಅನುಮತಿ ಕೊಟ್ಟಿತು. ಅದರಿಂದ ಕಡಿಮೆಯಾಗುವುದು ಸ್ವಂತ ಗಾಡಿಯ ಹಾನಿಯ ಭಾಗ ಮಾತ್ರ, ಥರ್ಡ್ ಪಾರ್ಟಿ ಭಾಗ, ಅಂದರೆ ಎದುರಿನವರಿಗಾದ ನಷ್ಟಕ್ಕೆ ಕಟ್ಟುವ ಭಾಗ ಅಲ್ಲ.

ಈಗ ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಅದೇ ದೊಡ್ಡದು. ಗಾಡಿಗೆ ಪಾಲಿಸಿ ಇದೆ, ಎದುರಿನವರಿಗೆ ಪೆಟ್ಟಾದರೆ ಪಾಲಿಸಿ ಇದೆ. ಸ್ಟೇರಿಂಗ್ ಹಿಡಿದ ನಿಮ್ಮ ಮಗನಿಗೆ ಏನಿದೆ? ಬಹಳ ಸಲ ಏನೂ ಇಲ್ಲ. ಪಾಲಿಸಿ ಕಾಗದ ತೆಗೆದು ನೋಡಿ. ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತದೆ. 2018ರಿಂದ ಈ ಮೊತ್ತ 15 ಲಕ್ಷ. ಅದು ಗಾಡಿಯ ಮಾಲೀಕರಿಗೆ, ಅಂದರೆ ನಿಮಗೆ. ಮಗ ಓಡಿಸುವಾಗ ಅವನಿಗೇ ಏನಾದರೂ ಆದರೆ ಆ 15 ಲಕ್ಷ ಬರುವುದಿಲ್ಲ.

ಮಾಲೀಕರ ಮಗ ಅಂದಮೇಲೆ ಕೊಡಲೇಬೇಕಲ್ಲ ಅಂತ ಅನಿಸುತ್ತದೆ, ಅಲ್ವಾ? ಇಳಕಲ್ ಕಡೆಯ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಬೇರೆಯವರ ಬೈಕ್ ಕೇಳಿ ತಂದು ಊರಿಗೆ ಹೊರಟಿದ್ದ ಒಬ್ಬ, ಮುಂದೆ ಹೋಗುತ್ತಿದ್ದ ಎತ್ತಿನ ಬಂಡಿಗೆ ಡಿಕ್ಕಿಯಾಗಿ ತೀರಿಕೊಂಡ. ಗಾಡಿ ಕೇಳಿ ತಂದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಅವನು ಎದುರಿನವನಲ್ಲ, ಹಾಗಾಗಿ ತಪ್ಪು ಯಾರದು ಅಂತ ನೋಡದೇ ಪರಿಹಾರ ಕೊಡಿಸುವ, ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಂ ಅಡಿ ಅವನ ಮನೆಯವರು ಪರಿಹಾರ ಕೇಳಲಾಗದು ಅಂತ 2009ರಲ್ಲಿ ಕೋರ್ಟ್ ಹೇಳಿತು. ಅಪ್ಪನ ಗಾಡಿ ಒಯ್ದ ಮಗನ ಕಥೆಯೂ ಹೆಚ್ಚುಕಡಿಮೆ ಇದೇ.

ಇದಕ್ಕೆ ಖರ್ಚು ದೊಡ್ಡದಲ್ಲ. ಮಗನ ಹೆಸರಲ್ಲೇ ಬೇರೆ ಒಂದು ಅಪಘಾತ ವಿಮೆ ಮಾಡಿಸಿ. ಅವನು ಯಾವ ಗಾಡಿ ಓಡಿಸಿದರೂ, ಗೆಳೆಯನ ಬೈಕ್ ಹಿಂದೆ ಕೂತರೂ ಅದು ಜೊತೆಗಿರುತ್ತದೆ. ಅದರ ಜೊತೆಗೆ ಅವನ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಹಾಕಿಸಿ. 18 ತುಂಬಿರಬೇಕು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಲೆಕ್ಕ, ಮೇ ಕೊನೆಗೆ ಖಾತೆಯಲ್ಲಿ ದುಡ್ಡು ಇರಬೇಕು. ತಿಂಗಳ ಕೊನೆಯಲ್ಲಿ ಹುಡುಗರ ಖಾತೆಯಲ್ಲಿ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ, ಒಂದು ಮಾತು ನೆನಪಿಸಿ.

ಹಳೇ ಕಾರು ಅಂದಿರಿ. ಹಾಗಾದರೆ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದೀರಾ ನೋಡಿಕೊಳ್ಳಿ. ಬರೀ ಅದಿದ್ದರೆ, ಗಾಣಗಾಪುರಕ್ಕೆ ಅಂತ ಹತ್ತಿಸಿಕೊಂಡ ಗೆಳೆಯರಿಗೂ ಕವರ್ ಇಲ್ಲ. ಸ್ವಂತ ಗಾಡಿಯ ಹಾನಿಯೂ ಸೇರಿದ ಫುಲ್ ಇನ್ಶೂರೆನ್ಸ್ ಇದ್ದರೆ ಕಾರಿನಲ್ಲಿ ಕೂತವರೂ ಅದರೊಳಗೆ ಬರುತ್ತಾರೆ. ಆದರೆ ವಾರಾಂತ್ಯಕ್ಕೆ ಊರಿಗೆ ಬರುವಾಗ ತಲೆಗೆ ಇಷ್ಟು ಅಂತ ಬಾಡಿಗೆ ಇಸಗೊಂಡರೆ ಕಥೆಯೇ ಬೇರೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ ಓಡಿಸುವುದನ್ನು ಒಪ್ಪುವುದಿಲ್ಲ.

ಲೈಸೆನ್ಸ್ ವಿಷಯದಲ್ಲಿ ನಾನು ಸ್ವಲ್ಪ ಕಟು. ನಿಮ್ಮ ಮಗ ಎಂಜಿನಿಯರಿಂಗ್, ಸರಿ. ಆದರೆ ಕಲಬುರಗಿಗೆ ಪಿಯುಸಿ ಓದಲು ಬರುವ 16-17ರ ಹುಡುಗರಿಗೂ ಗಾಡಿ ಕೊಟ್ಟು ಕಳಿಸುವವರು ಇದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಇದಕ್ಕೆ ತಂದೆ-ತಾಯಿ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಯಾರಿಗಾದರೂ ಡಿಕ್ಕಿಯಾದರೆ ಗಾಯಗೊಂಡವರಿಗೆ ಮೊದಲು ಪರಿಹಾರ ಕೊಡುವಂತೆ ಕೋರ್ಟ್ ಇನ್ಶೂರೆನ್ಸ್ ಕಂಪನಿಗೆ ಹೇಳಬಹುದು. ಆಮೇಲೆ ಕಂಪನಿ ಅದೇ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡುತ್ತದೆ. ಅಷ್ಟು ದುಡ್ಡು ಕಟ್ಟಬೇಕಾದರೆ ಹೊಲ ಮಾರಬೇಕಾಗುತ್ತದೆ.

ರೂಮಿನ ಮುಂದೆ ನಿಲ್ಲಿಸಿದ ಕಾರಿಗೆ ಯಾರೋ ತಾಗಿಸಿ ಹೋಗುವುದು ಮಾಮೂಲು. ನನ್ನ ಅಣ್ಣನ ಮಗ ಬೀದರ್‌ನಲ್ಲಿ ಓದುವಾಗ ಬಂಪರ್ ಒಡೆಯಿತು ಅಂತ ಮನೆಯವರಿಗೆ ಹೇಳದೇ ಕ್ಲೇಮ್ ಮಾಡಲು ಹೊರಟಿದ್ದ. ಪುಣ್ಯಕ್ಕೆ ಸಹಿ ಅಣ್ಣನದೇ ಬೇಕಾಯಿತು. ಲೆಕ್ಕ ಹಾಕಿ ನೋಡಿ. ಬಂಪರ್‌ಗೆ 4,000 ಖರ್ಚು ಅಂದುಕೊಳ್ಳಿ. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಅಂತ ಅರ್ಧ ಬೆಲೆ ಕಳೆಯುತ್ತಾರೆ. ಸಣ್ಣ ಕಾರಿಗೆ 1,000 ನಾವೇ ಹಾಕಿಕೊಳ್ಳಬೇಕು. ಕೈಗೆ ಬರುವುದು 1,000. ಕ್ಲೇಮ್ ಮಾಡದೇ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ಬೋನಸ್ ಮೊದಲ ವರ್ಷ 20, ಆಮೇಲೆ 25, 35, 45, ಕೊನೆಗೆ ಶೇ. 50. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬೀಳುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8,000 ಇದ್ದು ಬೋನಸ್ ಶೇ. 35 ಇದ್ದರೆ ಹೋಗುವುದು 2,800. ಅಂಥದ್ದಕ್ಕೆ ಗ್ಯಾರೇಜಿಗೆ ಕೈಯಿಂದ ಕೊಡುವುದೇ ಲಾಭ.

ಕೆಲವರು ಕಾರನ್ನು ಮಗನ ಹೆಸರಿಗೇ ಮಾಡಿಸುತ್ತಾರೆ. ಹಾಗೆ ಮಾಡಿದರೆ ಆ 15 ಲಕ್ಷದ ಕವರ್ ಅವನ ಹೆಸರಲ್ಲೇ ತೆಗೆಯಬಹುದು. ಆದರೆ 14 ದಿನದೊಳಗೆ ಪಾಲಿಸಿಯನ್ನೂ ಅವನ ಹೆಸರಿಗೆ ವರ್ಗ ಮಾಡಿಸಲು ಅರ್ಜಿ ಹಾಕಬೇಕು. ನಿಮ್ಮ ಬೋನಸ್ ನಿಮ್ಮ ಹತ್ತಿರವೇ ಉಳಿಯುತ್ತದೆ, ಅವನಿಗೆ ಹೋಗುವುದಿಲ್ಲ. ಮೂರು-ನಾಲ್ಕು ವರ್ಷದ ಓದಿಗೆ ಇದು ಸುಮ್ನೆ ಓಡಾಟ ಅಂತ ನನಗನಿಸುತ್ತದೆ.

ಬೀದರ್ ಕಡೆಯವರಿಗೆ ಇನ್ನೊಂದು ಮಾತು. ಮಕ್ಕಳು ಕೆಎ-38 ಗಾಡಿಯನ್ನು ಹೈದರಾಬಾದಿಗೆ ಒಯ್ದರೆ ಇನ್ಶೂರೆನ್ಸಿಗೆ ತೊಂದರೆ ಇಲ್ಲ. ಆದರೆ ಗಾಡಿ 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲೇ ಉಳಿದರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಬೇಕು.

ಕಳಿಸುವ ಮುಂಚೆ ಆರ್‌ಸಿ, ಪಾಲಿಸಿ, ಹೊಗೆ ತಪಾಸಣೆ ಚೀಟಿ ಎಲ್ಲ ಅವನ ಮೊಬೈಲಿನಲ್ಲೂ ಇರಲಿ. ಸರ್ಕಾರದ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಪೊಲೀಸರು ಒಪ್ಪುತ್ತಾರೆ. ಎರಡನೇ ಕೀ ಮಾತ್ರ ಶಹಾಪುರದಲ್ಲೇ, ನಿಮ್ಮ ಬೀರುವಿನಲ್ಲಿರಲಿ. ಕಾರು ಕಳುವಾದರೆ ಕಂಪನಿಯವರು ಎರಡೂ ಕೀ ಕೇಳುತ್ತಾರೆ.