8000 ಗ್ರಿಟ್ ಕಲ್ಲು ಮುಗಿಸಿದರೂ ಕ್ಷೌರದ ಕತ್ತಿ ಗಡ್ಡ ಎಳೆಯುವುದು ಯಾಕೆ?

ಓದುಗರ ಪ್ರಶ್ನೆ: ತಾತನ ಕಾಲದ ಜರ್ಮನಿ ಕತ್ತಿಯೊಂದು ಮನೆಯಲ್ಲಿದೆ. 1000 ಮತ್ತು 8000 ಗ್ರಿಟ್‌ನ ಎರಡು ಸಾಣೆಕಲ್ಲು ತರಿಸಿ ನಾನೇ ಮಸೆದೆ. ಬಾಯಿ ಫಳಫಳ ಹೊಳೆಯುತ್ತಿದೆ, ಮುಂಗೈ ರೋಮವೂ ಅಲ್ಲಲ್ಲಿ ಬೋಳಾಗುತ್ತದೆ. ಆದರೆ ಕೆನ್ನೆಗೆ ಇಟ್ಟರೆ ಗಡ್ಡ ಕೀಳುತ್ತದೆ. 12000 ಕಲ್ಲು ಕೊಳ್ಳಲೇ? (ಬಸವನಗುಡಿಯ ಓದುಗರು)

ಕೊಳ್ಳಬೇಡಿ. ಗ್ರಿಟ್ ನಂಬರ್ ಹೆಚ್ಚಿದಷ್ಟೂ ಕಲ್ಲಿನ ಕಣ ನಯ. ತೊಂದರೆ ಇರುವುದು 8000ದಲ್ಲಲ್ಲ, 1000ದಲ್ಲಿ. ಹೊಸದಾಗಿ ಸಾಣೆ ಹಿಡಿಯುವವರ ಕತ್ತಿ ಎಳೆಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಅಲಗಿನ ಎರಡು ಪಕ್ಕದ ಸಣ್ಣ ಇಳಿಜಾರುಗಳು ಕೂಡುವ ಗೆರೆಯೇ ಕತ್ತಿಯ ಬಾಯಿ. ಆ ಇಳಿಜಾರಿಗೆ ಬೆವೆಲ್ ಎನ್ನುತ್ತಾರೆ. ಹಿಡಿಯ ಕಡೆಯಿಂದ ತುದಿಯವರೆಗೆ ಎರಡೂ ಬೆವೆಲ್‌ಗಳು ಒಂದನ್ನೊಂದು ಮುಟ್ಟಿರಬೇಕು. ಮುಟ್ಟದ ಕಡೆ ನಡುವೆ ಸಣ್ಣಗೆ ದುಂಡಗಿನ ಅಂಚು ಉಳಿದಿರುತ್ತದೆ, ಬರಿಗಣ್ಣಿಗೆ ಸುಲಭವಾಗಿ ಕಾಣದು. ಅದನ್ನು ತೆಗೆಯುವ ತಾಕತ್ತು ಇರುವುದು 1000ದ ಕಲ್ಲಿಗೆ, ಅದರ ಕಣ ಸುಮಾರು 14 ಮೈಕ್ರಾನ್. 8000ದ ಕಣ, ತಯಾರಕರನ್ನು ನೋಡಿಕೊಂಡು, 1ರಿಂದ 3 ಮೈಕ್ರಾನ್. ಅದು ಉಕ್ಕನ್ನು ತೆಗೆಯುವುದು ನೆಪಕ್ಕೆ ಮಾತ್ರ, ಎದುರಿಗೆ ಏನಿದೆಯೋ ಅದಕ್ಕೆ ಮೆರುಗು ಕೊಡುತ್ತದೆ. ದುಂಡಗಿನ ಅಂಚಿಗೂ ಕೊಡುತ್ತದೆ. ನಿಮ್ಮ ಕತ್ತಿ ಹೊಳೆಯುವುದು, ಆದರೂ ರೋಮ ಅಲ್ಲಲ್ಲಿ ಮಾತ್ರ ಬೋಳಾಗುವುದು ಇದರಿಂದಲೇ: ಕೆಲವು ಕಡೆ ಬೆವೆಲ್ ಕೂಡಿದೆ, ಕೆಲವು ಕಡೆ ಇಲ್ಲ.

ಮತ್ತೆ ಮಸೆಯುವ ಮೊದಲು ಇನ್ನೊಂದು ವಿಷಯ ನೆನಪು ಮಾಡಿಕೊಳ್ಳಿ. ಕತ್ತಿಯ ಬೆನ್ನು (ಬಾಯಿಯ ಎದುರಿನ ದಪ್ಪ ಅಂಚು) ಸವೆಯಬಾರದೆಂದು 1000ದಲ್ಲಿ ಮಸೆಯುವಾಗ ಅದಕ್ಕೆ ಎಲೆಕ್ಟ್ರಿಕ್ ಟೇಪ್ ಅಂಟಿಸಿ, 8000ಕ್ಕೆ ಹೋಗುವಾಗ ಕಿತ್ತಿದ್ದಿರಾ? ಅಡುಗೆಮನೆ ಚಾಕುವಿಗೆ ಕೋನವನ್ನು ಕೈ ನಿರ್ಧರಿಸುತ್ತದೆ, ಕ್ಷೌರದ ಕತ್ತಿಗೆ ಅದರ ಬೆನ್ನೇ ನಿರ್ಧರಿಸುತ್ತದೆ. ಬೆನ್ನು 4.6 ಮಿ.ಮೀ. ದಪ್ಪ, ಅಲಗು 16 ಮಿ.ಮೀ. ಅಗಲ ಇದ್ದರೆ ಎರಡೂ ಬದಿ ಸೇರಿ ಕೋನ ಸುಮಾರು 16.5 ಡಿಗ್ರಿ. ಒಂದು ಪದರ ಟೇಪ್ ಸುತ್ತಿದರೆ ಹೆಚ್ಚುಕಡಿಮೆ 1 ಡಿಗ್ರಿ ಏರುತ್ತದೆ. ಆ ಟೇಪನ್ನು ನಡುವೆ ತೆಗೆದರೆ ಕೋನ ಇಳಿದು, 8000ದ ಕಲ್ಲು ಬೆವೆಲ್‌ನ ಹಿಂಭಾಗವನ್ನಷ್ಟೇ ಉಜ್ಜುತ್ತದೆ, ಬಾಯಿಗೆ ತಾಗುವುದೇ ಇಲ್ಲ. ಟೇಪ್ ಹಾಕಿದರೆ ಕೊನೆಯ ಕಲ್ಲಿನವರೆಗೂ ಇರಲಿ. ಪ್ರತಿ ಕಲ್ಲಿಗೂ ಹೊಸ ತುಂಡು ಅಂಟಿಸಿ, ಸವೆದ ಟೇಪ್ ಕೂಡ ಕೋನ ಕೆಡಿಸುತ್ತದೆ.

ಇನ್ನು ಕಲ್ಲು. ಹೊಸದಾದರೂ ಸಪಾಟಾಗಿದೆ ಎಂದು ನಂಬಬೇಡಿ. ಪೆನ್ಸಿಲ್‌ನಿಂದ ಮೇಲೆಲ್ಲ ಚೌಕುಳಿ ಗೆರೆ ಹಾಕಿ. 10 ಮಿ.ಮೀ. ಗಾಜಿನ ತುಂಡಿನ ಮೇಲೆ 320 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಗೆರೆಗಳೆಲ್ಲ ಅಳಿಸಿಹೋಗುವವರೆಗೆ ಉಜ್ಜಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಾಗದ ಸಿಗುತ್ತದೆ. ಗಾಜಿನ ಬದಲು ಪಾಲಿಶ್ ಮಾಡಿದ ಗ್ರಾನೈಟ್ ಚೂರೂ ಆದೀತು. ಜಿಗಣಿಯಂಥ ಗ್ರಾನೈಟ್ ಊರು ಪಕ್ಕದಲ್ಲೇ ಇರುವಾಗ ಅದಕ್ಕೇನು ಬರ! ಉಕ್ಕಿನ ಸ್ಕೇಲ್ ಅಡ್ಡಡ್ಡ ಇಟ್ಟು, ಕೆಳಗೆ ಬೆಳಕು ನುಸುಳುತ್ತದೆಯೇ ನೋಡಿಕೊಂಡು ಆರಿಸಿ. ನೀರು ಹೀರುವ ಜಾತಿಯ 1000 ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ, 10-15 ನಿಮಿಷ ನೆನೆಯಲಿ. 8000ಕ್ಕೆ ಸಾಮಾನ್ಯವಾಗಿ ಮೇಲೆ ನೀರು ಚಿಮುಕಿಸಿದರೆ ಸಾಕು. ಕಾವೇರಿ ನೀರೋ ಬೋರ್ ನೀರೋ ಎಂಬುದರಿಂದ ಹರಿತಕ್ಕೇನೂ ವ್ಯತ್ಯಾಸವಿಲ್ಲ. ಬೋರ್ ನೀರು ಅಲಗಿನ ಮೇಲೆ ಒಣಗಿದರೆ ಬಿಳಿ ಕಲೆ ಬೀಳುತ್ತದೆ, ಅಷ್ಟೇ.

ಕತ್ತಿಯ ಕುತ್ತಿಗೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಅಲಗನ್ನು 1000ದ ಮೇಲೆ ಮಲಗಿಸಿ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಬೆನ್ನು ಒಂದು ಕ್ಷಣವೂ ಮೇಲೇಳಬಾರದು. ಇನ್ನೊಂದು ಕೈಯ ಬೆರಳನ್ನು ಬೆನ್ನಿನ ಹತ್ತಿರವೇ ಹಗುರವಾಗಿ ಇಟ್ಟು, ಸಣ್ಣ ಸುತ್ತುಗಳಲ್ಲಿ ಪ್ರತಿ ಪಕ್ಕ 20 ಸಲ ಉಜ್ಜಿ. ಬಾಯಿಯ ಮೇಲೆ ಒತ್ತಿದರೆ ಒಳಗೆ ಕೊರೆದು ತೆಳುಮಾಡಿದ ಅಲಗು ಬಾಗುತ್ತದೆ, ಆಗ ಮಸೆತ ಎಲ್ಲೆಲ್ಲೋ ಆಗುತ್ತದೆ. ಆಮೇಲೆ ಬಾಯಿ ಮುಂದಾಗಿ 10 ಉದ್ದ ಎಳೆತ. ಅಲಗು ಸುಮಾರು 75 ಮಿ.ಮೀ., ಎಷ್ಟೋ ಕಲ್ಲುಗಳ ಅಗಲ 70ರ ಆಸುಪಾಸು. ಹಾಗಾಗಿ ಎಳೆಯುತ್ತ ಎಳೆಯುತ್ತ ಕತ್ತಿಯನ್ನು ಓರೆಯಾಗಿ ಪಕ್ಕಕ್ಕೆ ಸರಿಸಿ. ಹಿಡಿಯ ಕಡೆಯಿಂದ ಶುರುವಾದದ್ದು ತುದಿಯಲ್ಲಿ ಮುಗಿಯಬೇಕು. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಿ.

ಎಷ್ಟು ಸಲ ಎಂಬ ಲೆಕ್ಕಕ್ಕಿಂತ ಪರೀಕ್ಷೆ ಮುಖ್ಯ. ಬೆವೆಲ್ ಮೇಲೆ ಕಪ್ಪು ಮಾರ್ಕರ್ ಬಳಿದು ಎರಡೂ ಪಕ್ಕ ಒಂದೊಂದು ಹಗುರ ಎಳೆತ ಕೊಟ್ಟು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟು ಲೂಪ್‌ನಲ್ಲಿ ನೋಡಿ. ಬಾಯಿಯಂಚಿಗೆ ಮಸಿ ಉಳಿದಿದ್ದರೆ ಕಲ್ಲು ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಹಿಡಿಯ ಕಡೆ ಮಾತ್ರ ಉಳಿದಿದ್ದರೆ, ಅಲಗಿನ ಬುಡದಲ್ಲಿರುವ ದಪ್ಪ ಭುಜ ಕಲ್ಲಿನ ಮೇಲೆ ಹತ್ತಿ ಬಾಯಿಯನ್ನು ಎತ್ತುತ್ತಿದೆ. ಆ ಭುಜವನ್ನು ಕಲ್ಲಿನ ಅಂಚಿನಿಂದ ಹೊರಗಿಟ್ಟುಕೊಂಡು ಮಸೆಯಿರಿ. ಆಮೇಲೆ ಮಸಿ ಒರೆಸಿ, ಬಾಯಿಯನ್ನು ಮೇಲಕ್ಕೆ ಮಾಡಿ ದೀಪದ ಕೆಳಗೆ ನೇರ ಮೇಲಿನಿಂದ ನೋಡಿ. ಕೂಡಿದ ಬಾಯಿಯಿಂದ ಬೆಳಕು ಮರಳುವುದಿಲ್ಲ. ಎಲ್ಲಾದರೂ ಬಿಳಿ ಗೆರೆ ಮಿಂಚಿದರೆ ಅಲ್ಲಿ ಮೊಂಡು. ಕೊನೆಗೆ ಮುಂಗೈ: ಹಿಡಿಯ ಕಡೆ, ನಡುವೆ, ತುದಿ, ಮೂರೂ ಕಡೆ ಒಂದೇ ಸಮ ರೋಮ ಇಳಿಯಬೇಕು. 1000ದ ಮೇಲೆಯೇ ಇಷ್ಟಾಗಬೇಕು. ಆಗದಿದ್ದರೆ ಮತ್ತೆ 20 ಸುತ್ತು. ಹಳೆಯ ಕತ್ತಿಗೆ ಇದೊಂದೇ ಹಂತ ಒಂದು ಗಂಟೆ ತಿಂದರೂ ಆಶ್ಚರ್ಯವಿಲ್ಲ.

ಅಷ್ಟು ಮಾಡಿದರೂ ಒಂದು ಜಾಗದಲ್ಲಿ ಮಾತ್ರ ಬಾಯಿ ಮತ್ತೆಮತ್ತೆ ಮುರಿಯುತ್ತಿದ್ದರೆ ಅಲ್ಲಿ ತುಕ್ಕು ಒಳಗೇ ತಿಂದಿದೆ. ಆ ಕರಿಚುಕ್ಕೆ ದಾಟುವವರೆಗೆ ಉಕ್ಕು ತೆಗೆಯಬೇಕು, ಇಲ್ಲವೇ ಆಸೆ ಬಿಡಬೇಕು. ಬಿರುಕಿದ್ದರಂತೂ ಕತ್ತಿಯನ್ನು ಷೋಕೇಸಿಗೆ ಹಾಕಿ.

1000ದಿಂದ ನೇರ 8000ಕ್ಕೆ ಹಾರುವುದೂ ಒಳ್ಳೆಯದಲ್ಲ. ಮೊದಲ ಕಲ್ಲಿನ ಗೀರು ಆಳ, ಅದನ್ನು ಅಳಿಸಲು 8000ಕ್ಕೆ ಯುಗವೇ ಬೇಕು. ಖರ್ಚು ಮಾಡಲೇಬೇಕೆಂದಿದ್ದರೆ 12000 ಬಿಟ್ಟು 3000-5000ದ ನಡುವಿನ ಒಂದು ಕಲ್ಲು ಕೊಳ್ಳಿ. ಅದರ ಮೇಲೆ 30-40 ಎಳೆತ, ಹಳೆಯ ಗೀರು ಲೂಪ್‌ನಲ್ಲಿ ಕಾಣದಂತಾಗಬೇಕು. ನಂತರ 8000ದ ಮೇಲೆ 40-50, ಕತ್ತಿಯ ತೂಕವೊಂದೇ, ಕೈಯ ಭಾರ ಬೇಡ. ಬೆವೆಲ್‌ನ ಮೈ, ಕಲ್ಲಿನ ಮೈ ಎರಡೂ ಸರಿಯಾಗಿ ಕೂಡಿದಾಗ ಕತ್ತಿ ಕಲ್ಲಿಗೆ ಅಂಟಿಕೊಂಡು ಜಗ್ಗುವಂತಾಗುತ್ತದೆ, ಬಾಯಿಯ ಮುಂದೆ ನೀರಿನ ಸಣ್ಣ ಅಲೆ ಓಡುತ್ತದೆ. ಅದು ಕಂಡ ಮೇಲೆ ಇನ್ನೂ ನೂರು ಎಳೆಯುವ ಚಪಲ ಬೇಡ. ಅತಿಯಾದರೆ ಬಾಯಿಯ ಮೇಲೆ ತೆಳು ತಂತಿಯಂಥ ಉಕ್ಕು ನಿಲ್ಲುತ್ತದೆ: ಮೊದಲ ಎರಡು ಎಳೆತ ಸೊಗಸು, ಆಮೇಲೆ ಮುಖವೆಲ್ಲ ಉರಿ. ಹಾಗಾದರೆ ಬೆನ್ನು ಮುಂದಾಗಿ ನಾಲ್ಕೈದು ಸಲ ಹಗುರವಾಗಿ ಎಳೆದು ತಂತಿ ಉದುರಿಸಿ, 8000ದ ಮೇಲೆ ಮಾಮೂಲಿನಂತೆ 10 ಎಳೆತ ಕೊಡಿ.

ಇದಾದ ಮೇಲೆ ತೊಗಲು ಪಟ್ಟಿ, ಅಂದರೆ ಕ್ಷೌರಿಕರು ಕತ್ತಿ ಎಳೆಯುವ ಸ್ಟ್ರಾಪ್. ಇದನ್ನು ಬಿಟ್ಟು ಕೆನ್ನೆಗೆ ಹೋಗುವಂತಿಲ್ಲ. ಇಲ್ಲಿ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಕಲ್ಲಿನ ಹಾಗೆ ಎಳೆದಿರೋ, ಪಟ್ಟಿ ಕುಯ್ದುಹೋಗುತ್ತದೆ. ಪಟ್ಟಿ ಬಿಗಿಯಾಗಿರಲಿ, ಜೋಲುಬಿದ್ದರೆ ಬಾಯಿ ದುಂಡಗಾಗುತ್ತದೆ. ಬಟ್ಟೆಪಟ್ಟಿಯ ಮೇಲೆ 20, ತೊಗಲಿನ ಮೇಲೆ 50-60, ಪ್ರತಿ ಕ್ಷೌರಕ್ಕೂ ಮೊದಲು. ಹಳೆಯ ಬೆಲ್ಟ್ ಬಳಸುವುದಾದರೆ ಅಪ್ಪಟ ಚರ್ಮದ್ದಾಗಿರಲಿ, ರೆಕ್ಸಿನ್ ಅಲ್ಲ. ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚುವ ಆಸೆಯಿದ್ದರೆ ಬೇರೆ ಪಟ್ಟಿಗೆ ಹಚ್ಚಿ 10 ಸಲ ಎಳೆಯಿರಿ. ದಿನದ ಪಟ್ಟಿಗೆ ತಾಗಿದರೆ ಅದು ಹೋಗುವುದಿಲ್ಲ.

ಬೀದಿಯಲ್ಲಿ ಚಾಕು, ಕತ್ತರಿಗೆ ಸಾಣೆ ಹಿಡಿಯುವವರ ಚಕ್ರಕ್ಕೆ ಮಾತ್ರ ಈ ಕತ್ತಿಯನ್ನು ಕೊಡಬೇಡಿ. ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕಿನ ಹದ ಹೋಗುತ್ತದೆ. ನೀಲಿ ತಿರುಗಿದ ಬಾಯಿ ಮತ್ತೆ ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ಸಲೂನಿನಲ್ಲಿ ಕೇಳೋಣವೆಂದರೆ ಈಗ ಬಹುತೇಕ ಎಲ್ಲರೂ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿಕೆಯನ್ನೇ ಬಳಸುತ್ತಾರೆ.

ಬಾಯಿ ಸರಿಯಾಗಿದ್ದೂ ಎಳೆದರೆ ಹಿಡಿಯುವ ಕೋನ ನೋಡಿ. ಕೆನ್ನೆಗೂ ಕತ್ತಿಗೂ ನಡುವೆ 30 ಡಿಗ್ರಿ ಇದ್ದರೆ ಸಾಕು. ಗಡ್ಡ ಬಿಸಿನೀರಲ್ಲಿ ಎರಡು ಮೂರು ನಿಮಿಷ ನೆನೆದಿರಲಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಬಚ್ಚಲುಮನೆಗಳು ಒಣಗುವುದೇ ಇಲ್ಲ, ಕತ್ತಿಯನ್ನು ಅಲ್ಲಿ ಬಿಡಬೇಡಿ. ಒರೆಸಿ, ಬಟ್ಟೆಪಟ್ಟಿಯ ಮೇಲೆ ಹತ್ತು ಸಲ ಎಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿ. ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಬರಬರುತ್ತಾ ಜಿಗುಟೂ ಆಗುತ್ತದೆ. ಹೀಗೆ ನೋಡಿಕೊಂಡರೆ ತಿಂಗಳುಗಟ್ಟಲೆ ಕಲ್ಲು ಬೇಕಾಗುವುದಿಲ್ಲ. ಮತ್ತೆ ಎಳೆಯಲು ಶುರುವಾದ ದಿನ 8000ದ ಮೇಲೆ 15-20 ಎಳೆತ ಕೊಟ್ಟು ಪಟ್ಟಿಗೆ ಹೋಗಿ. ಬಾಯಿ ಎಲ್ಲಾದರೂ ಮುಕ್ಕಾದರೆ ಮಾತ್ರ 1000ದ ಕಲ್ಲನ್ನು ಹೊರತೆಗೆಯಿರಿ.