ಲೂಸಿಲ್ ಬಾಲ್: ಸಂಬಳ ಬಿಟ್ಟು ಫಿಲ್ಮ್ ಉಳಿಸಿಕೊಂಡ ನಟಿ

ಲೂಸಿಲ್ ಬಾಲ್ ಅಂದರೆ 'ಐ ಲವ್ ಲೂಸಿ', ಅಂದರೆ ನಗು. ಅಮೆರಿಕದ ಟಿವಿ ಇತಿಹಾಸ ಓದುವಾಗ ನಮ್ಮಲ್ಲಿ ಬಹಳ ಜನ ಇಷ್ಟಕ್ಕೇ ಮುಂದೆ ಹೋಗಿಬಿಡುತ್ತೇವೆ. ಆದರೆ ಅವರ ವೃತ್ತಿಜೀವನದಲ್ಲಿ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು 1951ರ ಒಂದು ಒಪ್ಪಂದಕ್ಕೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. 1933ರಲ್ಲಿ ಹಾಲಿವುಡ್‌ಗೆ ಬಂದಾಗ ಹಾಡಿನ ದೃಶ್ಯದ ಗುಂಪಿನಲ್ಲಿ ನಿಲ್ಲುವ ಹುಡುಗಿಯರಲ್ಲಿ ಇವರೂ ಒಬ್ಬರು. ಆಮೇಲೆ ಆರ್‌ಕೆಒ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ. ಕಡಿಮೆ ಬಜೆಟ್ಟಿನ ಚಿತ್ರಗಳಲ್ಲಿ ಎಷ್ಟು ನಟಿಸಿದರೆಂದರೆ 'ಬಿ ಚಿತ್ರಗಳ ರಾಣಿ' ಅನ್ನುವ ಹೆಸರೇ ಬಿತ್ತು. 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋಗೆ ಹೋದರು. ಅಲ್ಲಿ ಕೂದಲು ಕೆಂಪಾಯಿತು, ಆದರೆ ದೊಡ್ಡ ತಾರೆ ಆಗಲಿಲ್ಲ. ಇದನ್ನು ಸೋಲಿನ ಕಾಲ ಅಂತ ಬರೆದು ದಾಟಿಬಿಡಬೇಡಿ. ಮೂಕಿ ಚಿತ್ರಗಳ ಮಹಾನ್ ಹಾಸ್ಯನಟ ಬಸ್ಟರ್ ಕೀಟನ್ ಆಗ ಎಂಜಿಎಂನಲ್ಲೇ ಇದ್ದರು. ಕೈಯಲ್ಲಿರುವ ಒಂದು ವಸ್ತುವಿನಿಂದಲೇ ನಗಿಸುವುದು ಹೇಗೆ ಅನ್ನುವುದನ್ನು ಇವರಿಗೆ ಕಲಿಸಿಕೊಟ್ಟವರು ಅವರು. ಮುಂದೆ ಟಿವಿಯಲ್ಲಿ ನಾವು ನೋಡುವ ಲೂಸಿ ಇಲ್ಲಿಂದಲೇ ಬಂದಿದ್ದು.

1948ರಿಂದ 1951ರವರೆಗೆ ಸಿಬಿಎಸ್ ರೇಡಿಯೋದಲ್ಲಿ 'ಮೈ ಫೇವರಿಟ್ ಹಸ್ಬೆಂಡ್' ಎಂಬ ಹಾಸ್ಯ ಕಾರ್ಯಕ್ರಮ ಮಾಡಿದರು. ಅದು ಗೆದ್ದಿತು, ಸಿಬಿಎಸ್ ಟಿವಿಗೂ ಕರೆಯಿತು. ಗಂಡನ ಪಾತ್ರಕ್ಕೆ ತಮ್ಮ ನಿಜವಾದ ಗಂಡ ಡೆಸಿ ಅರ್ನಾಜ್ ಅವರೇ ಬೇಕು ಅಂತ ಲೂಸಿಲ್ ಪಟ್ಟು ಹಿಡಿದರು. ಡೆಸಿ ಕ್ಯೂಬಾದವರು, ಅವರ ಇಂಗ್ಲಿಷ್ ಉಚ್ಚಾರಣೆ ಬೇರೆ. ಅಮೆರಿಕದ ವೀಕ್ಷಕರು ಈ ಜೋಡಿಯನ್ನು ಒಪ್ಪುತ್ತಾರಾ ಅನ್ನುವುದು ಚಾನೆಲ್ಲಿನ ಅಳುಕು. ಇಬ್ಬರೂ 1950ರಲ್ಲಿ ವೇದಿಕೆ ಕಾರ್ಯಕ್ರಮ ಕಟ್ಟಿಕೊಂಡು ಊರೂರು ಸುತ್ತಿ, ಜನ ಒಪ್ಪುತ್ತಾರೆ ಅಂತ ತೋರಿಸಿಯೇಬಿಟ್ಟರು.

ಈಗ ಒಪ್ಪಂದದ ವಿಷಯ. ಇದನ್ನು ನಿಧಾನವಾಗಿ ಓದಿ.

ಆ ಕಾಲದಲ್ಲಿ ಬಹುಪಾಲು ಹಾಸ್ಯ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರಪ್ರಸಾರ ಆಗುತ್ತಿದ್ದವು. ದೂರದ ಊರುಗಳಿಗೆ ಹೋಗುತ್ತಿದ್ದದ್ದು ಕಿನೆಸ್ಕೋಪ್, ಅಂದರೆ ಟಿವಿ ಪರದೆಯ ಮೇಲಿನ ಚಿತ್ರವನ್ನೇ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿ. ಲೂಸಿಲ್, ಡೆಸಿಗೆ ಲಾಸ್ ಏಂಜಲೀಸ್ ಬಿಡಲು ಮನಸ್ಸಿಲ್ಲ. ಪೂರ್ವ ತೀರದ ವೀಕ್ಷಕರಿಗೆ ಮಸುಕು ಪ್ರತಿ ಕಳಿಸಲು ಪ್ರಾಯೋಜಕ ಕಂಪನಿ ಫಿಲಿಪ್ ಮೋರಿಸ್‌ಗೆ ಮನಸ್ಸಿಲ್ಲ. ಹಾಗಾದರೆ ಸಿನಿಮಾದಂತೆ 35 ಎಂಎಂ ಫಿಲ್ಮ್‌ನಲ್ಲೇ ತೆಗೆಯೋಣ ಅನ್ನುವ ದಾರಿ ಹೊಳೆಯಿತು, ಆದರೆ ಖರ್ಚು ಜಾಸ್ತಿ. ಆಗ ಗಂಡ ಹೆಂಡತಿ ವಾರದ ಸಂಬಳದಲ್ಲಿ 1,000 ಡಾಲರ್ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಕಂತುಗಳ ಮಾಲೀಕತ್ವವನ್ನು ತಮ್ಮ ಡೆಸಿಲೂ ಕಂಪನಿಗೆ ಬರೆಸಿಕೊಂಡರು. ಒಮ್ಮೆ ಪ್ರಸಾರವಾದ ಕಂತಿಗೆ ಆಮೇಲೂ ಬೆಲೆ ಇರುತ್ತದೆ ಅಂತ ಆಗ ಯೋಚಿಸಿದವರು ಕಡಿಮೆ.

ಚಿತ್ರೀಕರಣಕ್ಕೆ ಕರೆಸಿದ್ದು ಜರ್ಮನಿಯ ಮೂಕಿ ಚಿತ್ರ 'ಮೆಟ್ರೊಪೊಲಿಸ್'ಗೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯಿಂಡ್ ಅವರನ್ನು. ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕು, ಎದುರಿಗೆ ಕೂತ ಪ್ರೇಕ್ಷಕರಿಗೂ ಕಾಣಬೇಕು. ಪ್ರತಿ ಶಾಟ್‌ಗೂ ದೀಪ ಬದಲಿಸುವ ಹಾಗಿಲ್ಲ. ಅದಕ್ಕೆ ಅವರು ದೀಪಗಳನ್ನು ಮೇಲೆ ಕಟ್ಟಿಸಿ ಸೆಟ್ ತುಂಬಾ ಒಂದೇ ಸಮನಾದ ಬೆಳಕು ಬರುವಂತೆ ಮಾಡಿದರು. ಒಂದು ಮಾತು: ಮೂರು ಕ್ಯಾಮೆರಾ ಪದ್ಧತಿಯನ್ನು ಈ ತಂಡದವರೇ ಕಂಡುಹಿಡಿದರು ಅಂತ ಬರೆಯಬೇಡಿ. ಅದಕ್ಕೂ ಮೊದಲೇ ಬೇರೆಯವರು ಪ್ರಯತ್ನಿಸಿದ್ದರು. ಇವರು ಅದನ್ನು ಸಿಟ್‌ಕಾಮ್‌ಗೆ, ಅಂದರೆ ಟಿವಿ ಹಾಸ್ಯ ಧಾರಾವಾಹಿಗೆ ಒಗ್ಗಿಸಿ, ಉಳಿದವರು ಹಿಂಬಾಲಿಸುವಂತೆ ಮಾಡಿದರು.

1951ರ ಅಕ್ಟೋಬರ್ 15ರಂದು 'ಐ ಲವ್ ಲೂಸಿ'ಯ ಮೊದಲ ಕಂತು ಬಂತು. 1957ರವರೆಗೆ ಒಟ್ಟು 180 ಕಂತು. ಲೂಸಿಲ್ ಗರ್ಭಿಣಿಯಾದಾಗ ಅದನ್ನು ಮುಚ್ಚಿಡದೆ ಕಥೆಗೇ ಸೇರಿಸಿದರು. ಆದರೆ ಇಂಗ್ಲಿಷಿನಲ್ಲಿ ಗರ್ಭಿಣಿ ಅನ್ನುವ ಪದ ಮಾತ್ರ ಸಂಭಾಷಣೆಯಲ್ಲಿ ಬರುವಂತಿರಲಿಲ್ಲ! ಪಾದ್ರಿ, ರಬ್ಬಿ (ಯಹೂದಿ ಧರ್ಮಗುರು) ಎಲ್ಲರೂ ಸ್ಕ್ರಿಪ್ಟ್ ನೋಡಿ ಒಪ್ಪಬೇಕಿತ್ತು. 1953ರ ಜನವರಿ 19ರಂದು ಪರದೆಯ ಮೇಲೆ ಲೂಸಿಗೆ ಮಗು ಹುಟ್ಟಿತು, ಅದೇ ದಿನ ನಿಜವಾಗಿಯೂ ಲೂಸಿಲ್‌ಗೆ ಮಗ ಹುಟ್ಟಿದ. ಆ ಕಂತನ್ನು ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು, ಅದನ್ನು ನೋಡಿದವರು ಇದಕ್ಕಿಂತ ಕಡಿಮೆ.

ಹಳೆಯ ಕಂತುಗಳ ಹಕ್ಕನ್ನು ಕೊನೆಗೆ ಸಿಬಿಎಸ್‌ಗೇ ಮಾರಿದರು. 1957ರ ಕೊನೆಯ ಹೊತ್ತಿಗೆ ಡೆಸಿಲೂ ಆರ್‌ಕೆಒ ಸ್ಟುಡಿಯೋವನ್ನೇ ಕೊಳ್ಳುವ ಮಟ್ಟಕ್ಕೆ ಬಂದಿತ್ತು. ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಅದೇ ಜಾಗಕ್ಕೆ ಮಾಲೀಕರಾಗಿ ಹೋಗುವುದು ಅಂದರೆ ಸಾಮಾನ್ಯವಾ? 1960ರಲ್ಲಿ ವಿಚ್ಛೇದನ ಆಯಿತು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಲೂಸಿಲ್ ಒಬ್ಬರೇ ಸ್ಟುಡಿಯೋ ನಡೆಸಿದರು. 1966ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್', 'ಮಿಷನ್: ಇಂಪಾಸಿಬಲ್' ಎರಡೂ ಅವರ ಸ್ಟುಡಿಯೋದವೇ. 1967ರಲ್ಲಿ ಅದನ್ನು ಗಲ್ಫ್ ಆಂಡ್ ವೆಸ್ಟರ್ನ್ ಕಂಪನಿಗೆ ಮಾರಿದರು.

ನಟನೆ ನಿಲ್ಲಿಸಲಿಲ್ಲ. ಇನ್ನೆರಡು ಟಿವಿ ಕಾರ್ಯಕ್ರಮಗಳು 1974ರವರೆಗೆ ಚೆನ್ನಾಗಿಯೇ ನಡೆದವು. 1985ರ ಒಂದು ಟಿವಿ ಚಿತ್ರದಲ್ಲಿ ಬೀದಿಯಲ್ಲಿ ಬದುಕುವ ಮುದುಕಿಯ ಪಾತ್ರ ಮಾಡಿದರು, ಹಾಸ್ಯದ ಸುಳಿವೂ ಇಲ್ಲದ ಪಾತ್ರ. 1986ರ 'ಲೈಫ್ ವಿತ್ ಲೂಸಿ' ಮಾತ್ರ 8 ಕಂತಿಗೆ ನಿಂತಿತು. ಎಪ್ಪತ್ತು ದಾಟಿದ ಮೇಲೂ ಹಳೆಯ ಬೀಳುವ, ಏಳುವ ಹಾಸ್ಯವನ್ನೇ ಅವರಿಂದ ಮಾಡಿಸಿದ್ದು ತಪ್ಪು ಅಂತ ನನಗೆ ಅನ್ನಿಸುತ್ತದೆ. 1989ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನೋಡಲು ಶುರು ಮಾಡುವವರು 1952ರ ಚಾಕೊಲೇಟ್ ಕಾರ್ಖಾನೆಯ ಕಂತು ನೋಡಿ. ಬೆಲ್ಟಿನ ಮೇಲೆ ಚಾಕೊಲೇಟ್ ಬರುವ ವೇಗ ಹೆಚ್ಚುತ್ತಾ ಹೋದಂತೆ ಅವರ ಕೈ ಏನು ಮಾಡುತ್ತದೆ, ಕಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಒಮ್ಮೆ ಶಬ್ದ ಬಂದ್ ಮಾಡಿ ನೋಡಿ. ಕೀಟನ್ ಪಾಠ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.